ಒಂದು ಡಬ್ಬಿಗೆ ಒಂದೇ ಹುಳ

ಹೋದ ಆಗಸ್ಟ್‌ನಲ್ಲಿ ರಜೆಗೆ ಊರಿಗೆ ಬಂದಿದ್ದಾಗ ದಾವಣಗೆರೆಯ ಒಂದು ಕಾಲೇಜಿನಲ್ಲಿ ಮಾತಾಡಲು ಕರೆದಿದ್ದರು. ಎದುರಿಗೆ ಅರ್ಧ ವಿದ್ಯಾರ್ಥಿಗಳು, ಅರ್ಧ ಸುತ್ತಲ ಹಳ್ಳಿಗಳ ರೈತರು. ಅಂದು ಆಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಸಂಗತಿ ಸೇರಿಸಿದ್ದೇನೆ, ಅಷ್ಟೇ.

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ನನ್ನ ಪರಿಚಯ ಮಾಡಿಕೊಟ್ಟ ಮೇಷ್ಟ್ರು ‘ವಿದೇಶದಲ್ಲಿ ಉನ್ನತ ಸಂಶೋಧನೆ ನಡೆಸುತ್ತಿರುವ ಯುವ ವಿಜ್ಞಾನಿ’ ಅಂದರು. ಕೇಳಲು ಚೆನ್ನಾಗಿತ್ತು. ಆದರೆ ಮೂರನೇ ಸಾಲಿನಲ್ಲಿ ನಮ್ಮ ಅವ್ವ ಕೂತಿದ್ದಾಳೆ. ಅವಳ ಮುಂದೆ ಇಷ್ಟು ದೊಡ್ಡ ಮಾತು ನಡೆಯುವುದಿಲ್ಲ. ನಾನು ಅಲ್ಲಿ ದಿನಾ ಬೆಳಗ್ಗೆ ಮಾಡುವ ಮೊದಲ ಕೆಲಸ ಏನು ಅಂತ ಅವಳಿಗೆ ಗೊತ್ತು. ಹುಳದ ಲದ್ದಿ ಬಳಿಯುವುದು. ಊರಲ್ಲಿದ್ದಾಗ ಕೊಟ್ಟಿಗೆ ಕಸ ತೆಗಿ ಅಂದರೆ ‘ನಾಳೆ ಪರೀಕ್ಷೆ ಐತೆ’ ಅಂತ ತಪ್ಪಿಸಿಕೊಳ್ಳುತ್ತಿದ್ದೆ. ಈಗ ಏಳೆಂಟು ಸಾವಿರ ಕಿಲೋಮೀಟರ್ ದೂರ ಹೋಗಿ ಹೆಚ್ಚುಕಮ್ಮಿ ಅದೇ ಕೆಲಸ ಮಾಡುತ್ತಿದ್ದೇನೆ.

‘ಹುಳ ಸಾಕೋಕೆ ಅಲ್ಲೀಗಂಟ ಯಾಕೆ ಹೋದ್ಲು? ನಮ್ಮ ಹೊಲದಾಗೆ ಬೇಕಾದಷ್ಟು ಅದಾವಲ್ಲ’ ಅಂತ ನಮ್ಮ ದೊಡ್ಡಪ್ಪ ಕೇಳಿದ್ದು ಮನೆಯಲ್ಲಿ ಇವತ್ತಿಗೂ ಓಡುವ ಮಾತು. ಅವರ ಪ್ರಶ್ನೆ ಸರಿಯಾಗೇ ಇದೆ. ಅದಕ್ಕೆ ನನ್ನ ಕೈಲಾದ ಉತ್ತರ ಹೇಳುತ್ತೇನೆ.

2018ರ ಮುಂಗಾರು. ನಾನು ಕೃಷಿ ಪದವಿ ಓದುತ್ತಿದ್ದೆ. ಜಗಳೂರು ಕಡೆ ನಮ್ಮದು ನಾಲ್ಕು ಎಕರೆ, ಮಳೆ ನಂಬಿದ ಹೊಲ. ಸುತ್ತಲಿನವರ ಹಾಗೆ ನಮ್ಮದೂ ಮೆಕ್ಕೆಜೋಳ. ರಜೆಗೆ ಬಂದಾಗ ಪೈರು ಮೊಣಕಾಲುದ್ದ ಇತ್ತು. ಅಪ್ಪ ಹೊಲಕ್ಕೆ ಕರೆದುಕೊಂಡು ಹೋಗಿ ಒಂದು ಗಿಡದ ಸುಳಿ ಬಿಡಿಸಿ ತೋರಿಸಿದರು. ಒಳಗೆ ಒದ್ದೆ ಮರದ ಹೊಟ್ಟಿನಂಥ ಲದ್ದಿ. ಅದರ ಅಡಿಯಲ್ಲಿ ಹುಳ. ಎಲೆ ಬಿಚ್ಚಿದರೆ ಅಡ್ಡಕ್ಕೆ ಸಾಲಾಗಿ ತೂತುಗಳು. ಮಕ್ಕಳು ಕಾಗದ ಮಡಚಿ ಕತ್ತರಿಯಿಂದ ಒಂದೇ ಕಡೆ ಕತ್ತರಿಸಿ ಆಮೇಲೆ ಬಿಚ್ಚುತ್ತಾರಲ್ಲ, ಹಾಗೆ. ಎಲೆ ಸುಳಿಯೊಳಗೆ ಸುರುಳಿ ಸುತ್ತಿಕೊಂಡಿದ್ದಾಗಲೇ ಹುಳ ತೂತು ಕೊರೆದಿರುತ್ತದೆ. ಎಲೆ ಬೆಳೆದು ಹೊರಗೆ ಬಂದಾಗ ನಮಗೆ ಕಾಣುತ್ತದೆ.

ಹುಳವನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿದೆ. ತಲೆ ಮೇಲೆ ಬಿಳಿ ಗೆರೆ, ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾದ ಹಾಗೆ. ಬಾಲದ ಹತ್ತಿರ ನಾಲ್ಕು ಕಪ್ಪು ಚುಕ್ಕೆ, ಚೌಕವಾಗಿ. ಕಾಲೇಜಿನಲ್ಲಿ ಆಗ ಇದೇ ಮಾತು. ಅದೇ ವರ್ಷ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದವರು ಈ ಹುಳವನ್ನು ಭಾರತದಲ್ಲಿ ಮೊದಲ ಸಲ ಗುರುತಿಸಿದ್ದರು. ಮೂಲ ಅಮೆರಿಕ ಖಂಡ. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು, ಎರಡೇ ವರ್ಷಕ್ಕೆ ನಮ್ಮ ಮನೆ ಬಾಗಿಲಿಗೆ ಬಂತು.

‘ಇದು ಫಾಲ್ ಆರ್ಮಿವರ್ಮ್ ಅಪ್ಪಾ’ ಅಂದೆ.

‘ಯಾವ ಫಾಲ್ಸು? ಜೋಗ್ ಫಾಲ್ಸಾ?’

ಮೊದಲು ಸಿಕ್ಕಿದ್ದು ಶಿವಮೊಗ್ಗದಲ್ಲಿ ಅಂತ ನಾನೇ ಹೇಳಿದ್ದೆ. ಹಾಗಾಗಿ ಅವರ ಲೆಕ್ಕದಲ್ಲಿ ತಪ್ಪೇನಿರಲಿಲ್ಲ! ಫಾಲ್ ಅಂದರೆ ಅಮೆರಿಕದವರ ಮಾತಲ್ಲಿ ಎಲೆ ಉದುರುವ ಕಾಲ. ಅಲ್ಲಿನ ಉತ್ತರದ ಚಳಿಯಲ್ಲಿ ಈ ಹುಳ ಬದುಕುವುದಿಲ್ಲ. ಫ್ಲೋರಿಡಾ, ಟೆಕ್ಸಾಸ್‌ಗಳ ದಕ್ಷಿಣದ ತುದಿಯಲ್ಲಿ ಮಾತ್ರ ಚಳಿಗಾಲ ಕಳೆದು, ಪ್ರತಿ ವರ್ಷ ಪತಂಗವಾಗಿ ಅಲ್ಲಿಂದ ಮೇಲೆ ಮೇಲೆ ಹಾರುತ್ತದೆ. ಉತ್ತರ ಮುಟ್ಟುವ ಹೊತ್ತಿಗೆ ಬೇಸಿಗೆ ಮುಗಿಯುತ್ತ ಬಂದಿರುತ್ತದೆ. ಹಿಮ ಬಿದ್ದರೆ ಅಷ್ಟೂ ಸತ್ತು, ಮುಂದಿನ ವರ್ಷ ಮತ್ತೆ ಕೆಳಗಿನಿಂದ ಶುರು. ನಮಗೆ ಆ ಭಾಗ್ಯ ಇಲ್ಲ. ದಾವಣಗೆರೆಯಲ್ಲಿ ಹಿಮ ಎಲ್ಲಿಂದ ಬೀಳಬೇಕು? ಮಳೆ ಜೋಳ ಮುರಿಯುವ ಹೊತ್ತಿಗೆ ನೀರಾವರಿ ಕಡೆ ಇನ್ನೊಂದು ಜೋಳ ಎದ್ದಿರುತ್ತದೆ. ಹುಳಕ್ಕೆ ವರ್ಷಪೂರ್ತಿ ಹಬ್ಬದೂಟ.

ಕರಪತ್ರಗಳಲ್ಲಿ ಇದನ್ನು ಸೈನಿಕ ಹುಳು ಅಂತ ಬರೆಯುತ್ತಾರೆ. ಊರಿನ ಕಡೆ ಲದ್ದಿ ಹುಳ ಅನ್ನುತ್ತಾರೆ. ನನಗೆ ಎರಡನೆಯದೇ ಇಷ್ಟ. ಸುಳಿಯಲ್ಲಿ ಏನು ಹುಡುಕಬೇಕು ಅನ್ನುವುದು ಆ ಹೆಸರಿನಲ್ಲೇ ಇದೆ.

ಈಗ ನಾನು ನೆದರ್‌ಲ್ಯಾಂಡ್ಸ್‌ನಲ್ಲಿ ಇದೇ ಹುಳದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಕರ್ನಾಟಕದ ಕಾಲು ಭಾಗವೂ ಇಲ್ಲದ ದೇಶ ಅದು. ಅಲ್ಲೂ ಮೆಕ್ಕೆಜೋಳ ಜಾಸ್ತಿಯೇ ಬೆಳೆಯುತ್ತಾರೆ, ಆದರೆ ಹಸುಗಳಿಗಾಗಿ. ತೆನೆ ಸಮೇತ ಇಡೀ ಗಿಡವನ್ನು ಹಸಿಯಾಗಿ ಕೊಚ್ಚಿ ರಸಮೇವು ಮಾಡುತ್ತಾರೆ. ಸೈಕಲ್‌ನಲ್ಲಿ ಹೋಗುವಾಗ ದಾರಿ ಪಕ್ಕ ಜೋಳ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇಳಿದು ಸುಳಿ ಬಿಡಿಸಿ ನೋಡುತ್ತೇನೆ. ಏನೂ ಇರುವುದಿಲ್ಲ. ಒಂದು ಸಲ ಹೊಲದ ಯಜಮಾನ ಟ್ರ್ಯಾಕ್ಟರ್ ನಿಲ್ಲಿಸಿ ಏನು ಕಳೆದುಹೋಯಿತು ಅಂತ ವಿಚಾರಿಸಿದ. ಹುಳ ಹುಡುಕುತ್ತಿದ್ದೇನೆ ಅಂದೆ. ಆತನ ಮುಖ ಬಾಡಿಹೋಯಿತು.

ಬಾಡಬೇಕಾದದ್ದೇ. ಯುರೋಪಿನ ಒಕ್ಕೂಟದಲ್ಲಿ ಇದು ಒಳಗೆ ಬಿಡಲೇಬಾರದ ಕೀಟಗಳ ಪಟ್ಟಿಯಲ್ಲಿದೆ. ನಮ್ಮ ಹೊಲದಲ್ಲಿ ಪುಕ್ಕಟೆ ಸಿಗುವ ಹುಳವನ್ನು ಅಲ್ಲಿ ಇಟ್ಟುಕೊಳ್ಳಲು ಅನುಮತಿ ಪತ್ರ ಬೇಕು. ಎರಡು ಬಾಗಿಲಿನ ಕೋಣೆ ಬೇಕು. ಒಂದು ಬಾಗಿಲು ಮುಚ್ಚುವ ತನಕ ಇನ್ನೊಂದು ತೆರೆಯುವುದಿಲ್ಲ. ಜಾಕೆಟ್ಟು, ಬ್ಯಾಗು ಹೊರಗೇ ಬಿಡಬೇಕು. ವಾಪಸ್ ಬರುವಾಗ ಕನ್ನಡಿ ಮುಂದೆ ನಿಂತು ಬೆನ್ನು, ಜಡೆ ಎಲ್ಲ ತಿರುತಿರುಗಿಸಿ ನೋಡಿಕೊಳ್ಳಬೇಕು, ಎಲ್ಲಾದರೂ ಪತಂಗ ಕೂತು ಬಂದೀತು ಅಂತ. ನಮ್ಮಜ್ಜಿಯ ದೇವರ ಕೋಣೆಗೂ ಇಷ್ಟು ಮಡಿ ಇರಲಿಲ್ಲ. ಕಸ ಕೂಡ ಹಾಗೇ ಆಚೆ ಬರುವ ಹಾಗಿಲ್ಲ. ದೊಡ್ಡ ಪ್ರೆಶರ್ ಕುಕ್ಕರ್‌ನಂಥ ಯಂತ್ರದಲ್ಲಿ 121 ಡಿಗ್ರಿ ಕಾಯಿಸಿ ಬೇಯಿಸಿದ ಮೇಲೆಯೇ ಬರಬೇಕು. ‘ಹುಳದ ಲದ್ದಿಗೂ ಮೂರು ಸೀಟಿ ಕೂಗಿಸ್ತಾರಾ?’ ಅಂತ ಅವ್ವ ಕೇಳಿದ್ದಳು. ಹೂಂ ಅವ್ವಾ, ಕೂಗಿಸುತ್ತಾರೆ.

ನನ್ನ ದಿನ ಎಂಟೂವರೆಗೆ ಶುರು. ಡಿಸೆಂಬರ್‌ನಲ್ಲಿ ಆ ಹೊತ್ತಿಗೆ ಇನ್ನೂ ಸೂರ್ಯ ಹುಟ್ಟಿರುವುದಿಲ್ಲ. ಸಂಜೆ ನಾಲ್ಕೂವರೆಗೆ ಮುಳುಗಿರುತ್ತಾನೆ. ಹುಳದ ಕೋಣೆಯಲ್ಲಿ ಮಾತ್ರ ವರ್ಷವಿಡೀ ಒಂದೇ ಹವೆ. 27 ಡಿಗ್ರಿ ಬಿಸಿ, 14 ಗಂಟೆ ಬೆಳಕು, 10 ಗಂಟೆ ಕತ್ತಲು. ಚಳಿಗಾಲದಲ್ಲಿ ಕೆಲಸ ಇಲ್ಲದಿದ್ದರೂ ಐದು ನಿಮಿಷ ಅಲ್ಲಿ ಹೋಗಿ ಸುಮ್ನೆ ನಿಂತುಕೊಳ್ಳುತ್ತೇನೆ. ಆ ದೇಶದಲ್ಲಿ ನನಗೆ ಸ್ವೆಟರ್ ಬೇಡದ ಜಾಗ ಅದೊಂದೇ.

ಪತಂಗಗಳ ಕೋಣೆಯಲ್ಲಿ ಗಡಿಯಾರ ತಿರುಗುಮುರುಗು. ಅವು ಜೋಡಿಯಾಗುವುದು, ಮೊಟ್ಟೆ ಇಡುವುದು ಎಲ್ಲ ರಾತ್ರಿ. ನಾವು ರಾತ್ರಿಯಿಡೀ ಕೂರಲಾಗುತ್ತದೆಯೇ? ಅದಕ್ಕೆ ದೀಪದ ಸಮಯ ಬದಲಿಸಿ ನಮ್ಮ ಹಗಲನ್ನು ಅವುಗಳ ರಾತ್ರಿ ಮಾಡಿದ್ದೇವೆ. ಒಳಗೆ ಹೋಗುವಾಗ ಕೆಂಪು ದೀಪ ಹಿಡಿದು ಹೋಗುತ್ತೇವೆ, ಕೆಂಪು ಬೆಳಕು ಅವುಗಳ ಕಣ್ಣಿಗೆ ಅಷ್ಟಾಗಿ ಹತ್ತುವುದಿಲ್ಲ. ಒಂದು ಹೆಣ್ಣು ತನ್ನ ಬದುಕಿನಲ್ಲಿ ಸಾವಿರಕ್ಕೂ ಮೇಲೆ ಮೊಟ್ಟೆ ಇಡುತ್ತದೆ, ಒಂದೊಂದು ಗುಂಪಿನಲ್ಲಿ ನೂರು ಇನ್ನೂರು. ಗುಂಪಿನ ಮೇಲೆ ತನ್ನ ಮೈಯ ನವಿರು ಉದುರಿಸಿ ಮುಚ್ಚುತ್ತದೆ. ನೋಡಲು ಎಲೆ ಮೇಲೆ ಬೂಸ್ಟು ಬೆಳೆದಂತಿರುತ್ತದೆ.

ಎರಡು ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತವೆ. ಆಗ ಶುರುವಾಗುತ್ತದೆ ನೋಡಿ ನಿಜವಾದ ಕೆಲಸ. ಮರಿ ಹುಳ ಎಷ್ಟು ಚಿಕ್ಕದೆಂದರೆ, ಪೆನ್ಸಿಲ್‌ನಿಂದ ಎಳೆದ ಸಣ್ಣ ಗೆರೆ, ತುದಿಗೊಂದು ಕರಿ ಚುಕ್ಕೆ. ಚಿಮಟದಲ್ಲಿ ಹಿಡಿದರೆ ಸಾಯುತ್ತದೆ. ಚಿತ್ರ ಬರೆಯುವ ಅತಿ ಸಣ್ಣ ಬ್ರಷ್ಷಿನ ತುದಿಯಲ್ಲಿ ಎತ್ತಬೇಕು. ಮೊದಲ ಮೂರು ತಿಂಗಳು ನಾನು ಎತ್ತಿದ್ದಕ್ಕಿಂತ ಕೊಂದದ್ದೇ ಜಾಸ್ತಿ. ಆಮೇಲೆ ಜೊತೆಯಲ್ಲಿರುವ ಹುಡುಗಿಯೊಬ್ಬಳು ಉಪಾಯ ಹೇಳಿಕೊಟ್ಟಳು. ಹುಳ ಕೂತ ಎಲೆಯನ್ನು ಮೆಲ್ಲಗೆ ತಟ್ಟು ಅಂದಳು. ತಟ್ಟಿದರೆ ಮರಿ ಕೆಳಗೆ ಬೀಳುವುದಿಲ್ಲ, ಬಾಯಿಂದ ನೂಲು ಬಿಟ್ಟು ಜೋತಾಡುತ್ತದೆ. ಹುಳ ಮುಟ್ಟಬೇಡ, ಆ ನೂಲನ್ನು ಬ್ರಷ್ಷಿಗೆ ಸುತ್ತಿಕೋ. ಅಷ್ಟೇ! ನೂಲು ಹಿಡಿದು ಡಬ್ಬಿಯ ಮೇಲೆ ತಂದರೆ ತಾನಾಗೇ ಇಳಿಯುತ್ತದೆ. ಹೊಲದಲ್ಲೂ ಮರಿಗಳು ಇದೇ ನೂಲಿನಲ್ಲಿ ಗಾಳಿಗೆ ತೇಲಿ ಪಕ್ಕದ ಗಿಡಕ್ಕೆ ಹೋಗುತ್ತವೆ. ಅಪ್ಪನ ಹೊಲದಲ್ಲಿ ಒಂದು ಮೂಲೆಯಿಂದ ಹರಡಿದ್ದು ಹೇಗೆ ಅಂತ ನನಗೆ ಅರ್ಥವಾದದ್ದು ಆ ದಿನ, ಆ ಬ್ರಷ್ಷು ಹಿಡಿದು ನಿಂತಾಗ.

ಡಬ್ಬಿ ಅಂದರೆ ಹೋಟೆಲಲ್ಲಿ ಚಟ್ನಿ ಕಟ್ಟಿಕೊಡುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಒಂದು ಡಬ್ಬಿಗೆ ಒಂದೇ ಹುಳ. ಇದು ಮೊದಲ ದಿನ ಹೇಳಿಕೊಡುವ ಪಾಠ. ನಾನು ಮೂರನೇ ವಾರವೇ ಮುರಿದೆ. ಶುಕ್ರವಾರ ಸಂಜೆ ಡಬ್ಬಿ ಕಡಿಮೆ ಬಿದ್ದವು. ಉಗ್ರಾಣಕ್ಕೆ ಹೋಗಿ ತರಲು ಬೇಜಾರು. ಊಟ ಬೇಕಾದಷ್ಟಿದೆಯಲ್ಲ, ಎರಡು ದಿನ ಹೊಂದಿಕೊಂಡು ಇರಲಿ ಅಂತ ಇಪ್ಪತ್ತು ಡಬ್ಬಿಗೆ ನಲವತ್ತು ಹುಳ ಬಿಟ್ಟೆ. ಸೋಮವಾರ ಬಂದು ಎಣಿಸಿದರೆ ಇಪ್ಪತ್ತೆರಡು. ಉಳಿದವುಗಳದ್ದು ತಲೆಬುರುಡೆ ಮಾತ್ರ ಬಿದ್ದಿತ್ತು, ಸಾಸಿವೆ ಸಿಪ್ಪೆಯ ಹಾಗೆ. ಊಟ ಇದ್ದರೂ ಇವು ಒಂದನ್ನೊಂದು ತಿನ್ನುತ್ತವೆ, ಸ್ವಲ್ಪ ದೊಡ್ಡವಾದ ಮೇಲಂತೂ ಬಿಡುವುದೇ ಇಲ್ಲ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ದೊಡ್ಡ ಸುದ್ದಿ ಅನ್ನುವ ಹಾಗೆ ಹೇಳಿದೆ. ಅವರು ‘ಹೂಂ, ಒಂದು ಸುಳಿಗೆ ಒಂದೇ ದಪ್ಪ ಹುಳ ಇರ್ತೈತೆ. ಎರಡಿದ್ರೆ ಒಂದು ಮೇಲಿನ ಎಲೆಯಾಗೆ, ಒಂದು ಕೆಳಗೆ’ ಅಂದರು. ನಾನು ಇಪ್ಪತ್ತು ಡಬ್ಬಿ ಹಾಳು ಮಾಡಿ ಕಲಿತದ್ದನ್ನು ಅವರು ಸುಳಿ ಬಿಡಿಸಿ ಬಿಡಿಸಿ ಮೊದಲೇ ಕಂಡಿದ್ದರು. ಯಾಕೆ ಒಂದೇ ಅನ್ನುವುದನ್ನು ಮಾತ್ರ ಅವರು ನೋಡಿರಲಿಲ್ಲ. ಹೊಲದಲ್ಲಿ ಅದು ಸುಳಿಯ ಕತ್ತಲಲ್ಲಿ ನಡೆಯುತ್ತದೆ. ದೊಡ್ಡಪ್ಪನ ಪ್ರಶ್ನೆಗೆ ನನ್ನ ಉತ್ತರ ಅರ್ಧ ಇಲ್ಲೇ ಇದೆ. ಮುಚ್ಚಳ ತೆಗೆದು ನೋಡಬಹುದಾದ ಸುಳಿ ಬೇಕಿತ್ತು ನನಗೆ.

ಇವುಗಳಿಗೆ ಅಡುಗೆ ಮಾಡುವುದು ಮಂಗಳವಾರ. ಕಾಳಿನ ಹಿಟ್ಟು, ಮೊಳಕೆ ಗೋಧಿ ಪುಡಿ, ಈಸ್ಟು, ಗಟ್ಟಿಯಾಗಲು ಅಗರ್. ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಕಡಲೆ ಹಿಟ್ಟು ಹಾಕುತ್ತಾರೆ. ಎಲ್ಲಾ ಕುದಿಸಿ ಇಳಿಸಿದ ಮೇಲೆ ವಿಟಮಿನ್ ಸಿ ಸೇರಿಸಬೇಕು. ತೀರಾ ಬಿಸಿ ಇದ್ದಾಗ ಹಾಕಿದರೆ ವಿಟಮಿನ್ ಹಾಳು, ತಣ್ಣಗಾಗಲು ಬಿಟ್ಟರೆ ಅಗರ್ ಕಟ್ಟಿಕೊಂಡು ಸೌಟು ಆಡುವುದಿಲ್ಲ. ಅಲ್ಲಿನವರು ಥರ್ಮಾಮೀಟರ್ ಇಟ್ಟು 60 ಡಿಗ್ರಿ ಬಂತಾ ಅಂತ ನೋಡುತ್ತಾರೆ. ನಾನು ಪಾತ್ರೆಯ ಹೊರಗೆ ಕೈ ಇಟ್ಟರೆ ಸಾಕು, ಹಾಲಿಗೆ ಹೆಪ್ಪು ಹಾಕುವ ಹದಕ್ಕಿಂತ ಒಂದು ಚೂರು ಮುಂಚೆ. ಇದನ್ನು ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ, ಅವ್ವನ ಹತ್ತಿರ ಕಲಿತದ್ದು.

ಮಧ್ಯಾಹ್ನದ ಕೆಲಸ ಕಣಜದ್ದು. ನಮ್ಮ ಭಾಷೆಯಲ್ಲಿ ಕಾಳು ತುಂಬಿಡುವ ಜಾಗಕ್ಕೂ ಕಣಜ, ಈ ಹಾರುವ ಹುಳಕ್ಕೂ ಕಣಜ. ಮನೆಯ ಸೂರಿನಲ್ಲಿ ಗೂಡು ಕಟ್ಟಿ ಕಚ್ಚುವ ಜಾತಿ ಇದಲ್ಲ. ಎಳ್ಳು ಕಾಳಿನಷ್ಟು ಇರುತ್ತದೆ, ಮನುಷ್ಯರ ತಂಟೆಗೆ ಬರುವುದಿಲ್ಲ. ಹೆಣ್ಣು ಕಣಜ ಎಳೆ ಹುಳದ ಮೈಯೊಳಗೆ ಒಂದು ಮೊಟ್ಟೆ ಚುಚ್ಚಿಡುತ್ತದೆ. ಮೊಟ್ಟೆ ಜೊತೆ ಒಂದು ವೈರಸ್ಸನ್ನೂ ಬಿಡುತ್ತದೆ. ಅದು ಹುಳದ ರೋಗ ತಡೆಯುವ ಶಕ್ತಿಯನ್ನು ಮಂಕಾಗಿಸುತ್ತದೆ. ಒಳಗೆ ಹುಟ್ಟಿದ ಕಣಜದ ಮರಿ ಆ ಹುಳವನ್ನೇ ತಿಂದು ಬೆಳೆದು, ವಾರ ಹತ್ತು ದಿನಕ್ಕೆ ಅದರ ಮೈ ಕೊರೆದು ಹೊರಗೆ ಬಂದು ಬಿಳಿ ಗೂಡು ಕಟ್ಟುತ್ತದೆ. ಹುಳ ದಪ್ಪಗಾಗುವ ಮಾತೇ ಇಲ್ಲ. ನಾನು ಸಾಕುವ ಕಣಜ ಅಮೆರಿಕದ್ದು, ಕೊಟೇಸಿಯಾ ಅನ್ನುವ ಕುಲದ್ದು. ನಮ್ಮಲ್ಲೂ ಇದೇ ಕಸುಬಿನವು ಇವೆ. ಕಡಲೆ ಕಾಯಿಕೊರಕವನ್ನು ಕಾಡುತ್ತಿದ್ದ ಕ್ಯಾಂಪೋಲೆಟಿಸ್ ಅನ್ನುವ ಕಣಜ 2018ರಲ್ಲೇ ಈ ಹೊಸ ಹುಳದ ಮೇಲೂ ಕಾಣಿಸಿಕೊಂಡಿತ್ತು.

ಎಳ್ಳಿನಷ್ಟು ಕಣಜ ನಾಲ್ಕು ಎಕರೆ ಜೋಳದಲ್ಲಿ, ಸುಳಿಯೊಳಗೆ ಅಡಗಿದ ಗೆರೆಯಷ್ಟು ಹುಳವನ್ನು ಹುಡುಕುವುದು ಹೇಗೆ? ಗಿಡವೇ ಕರೆಯುತ್ತದೆ. ಕಥೆ ಹೇಳುತ್ತಿಲ್ಲ. 1980ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಮಾರ್ಸೆಲ್ ಡಿಕ್ಕೆ ಮತ್ತು ಜೊತೆಯವರು ನಾವು ಡಬಲ್ ಬೀನ್ಸ್ ಅನ್ನುವ ಗಿಡದಲ್ಲಿ ಇದನ್ನು ತೋರಿಸಿದರು. ನುಸಿ ಬಿದ್ದ ಗಿಡ ಒಂದು ವಾಸನೆ ಬಿಡುತ್ತದೆ, ಆ ವಾಸನೆ ಹಿಡಿದು ನುಸಿಯನ್ನು ತಿನ್ನುವ ಇನ್ನೊಂದು ನುಸಿ ಬರುತ್ತದೆ. 1990ರಲ್ಲಿ ಟೆಡ್ ಟರ್ಲಿಂಗ್ಸ್ ಮತ್ತು ಜೊತೆಯವರು ಅಮೆರಿಕದಲ್ಲಿ ಮೆಕ್ಕೆಜೋಳದಲ್ಲೇ ತೋರಿಸಿದರು. ಸುಮ್ನೆ ಬ್ಲೇಡಿನಿಂದ ಎಲೆ ಗೀರಿದರೆ ಜೋಳ ಅಷ್ಟಾಗಿ ಕರೆಯುವುದಿಲ್ಲ. ಗೀರಿದ ಜಾಗಕ್ಕೆ ಹುಳದ ಜೊಲ್ಲು ಹಚ್ಚಿದರೆ ಕೆಲವು ಗಂಟೆಗಳಲ್ಲಿ ಕರೆಯಲು ಶುರು ಮಾಡುತ್ತದೆ. ಕುಡುಗೋಲಿಗೂ ಹುಳಕ್ಕೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತು! ಆದರೆ ನಮ್ಮ ಲದ್ದಿ ಹುಳ ಇದರಲ್ಲೂ ಚಾಲಾಕಿ. ಇದು ತಿಂದಾಗ ಜೋಳ ಬಿಡುವ ವಾಸನೆ, ಬೇರೆ ಹುಳಗಳು ತಿಂದಾಗ ಬಿಡುವುದಕ್ಕಿಂತ ಕಡಿಮೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಗಿಡದ ಬಾಯಿ ಮುಚ್ಚಿಸಿ ತಿನ್ನುತ್ತದೆ. ಯಾವ ತಳಿಯ ಜೋಳ ಆಗಲೂ ಗಟ್ಟಿಯಾಗಿ ಕರೆಯುತ್ತದೆ ಅನ್ನುವುದೇ ನನ್ನ ನಾಲ್ಕು ವರ್ಷದ ಹುಡುಕಾಟ.

ಹುಡುಕುವ ಸಾಮಾನು ಸರಳ. ಕವೆಗೋಲಿನ ಆಕಾರದ ಗಾಜಿನ ಕೊಳವೆ. ಒಂದು ಕವಲಿಗೆ ಹುಳ ತಿಂದ ಗಿಡದ ಗಾಳಿ, ಇನ್ನೊಂದಕ್ಕೆ ಒಳ್ಳೆಯ ಗಿಡದ ಗಾಳಿ. ಬುಡದಲ್ಲಿ ಒಂದು ಕಣಜ ಬಿಟ್ಟು ಯಾವ ಕಡೆ ಹೋಗುತ್ತದೆ ಅಂತ ನೋಡುತ್ತ ಕೂರುವುದು. ಐದು ನಿಮಿಷ ಕಾಯುತ್ತೇನೆ. ಕೆಲವು ಕವಲಿನ ತನಕ ಹೋಗಿ ನಿಂತು ಮೀಸೆ ತಿಕ್ಕಿಕೊಳ್ಳುತ್ತವೆ. ಕೆಲವು ತಿರುಗಿ ಬರುತ್ತವೆ. ಬರೆದುಕೊಳ್ಳಬೇಕು: ಎಡ, ಬಲ, ಉತ್ತರ ಇಲ್ಲ. ಐದೈದು ಕಣಜಕ್ಕೊಮ್ಮೆ ಕೊಳವೆ ತಿರುಗಿಸಬೇಕು. ಇಲ್ಲದಿದ್ದರೆ ಕಣಜ ಕಿಟಕಿ ಬೆಳಕಿಗೆ ಹೋಯಿತೋ ವಾಸನೆಗೆ ಹೋಯಿತೋ ಗೊತ್ತಾಗುವುದಿಲ್ಲ. ದಿನಕ್ಕೆ ನಲವತ್ತು ಕಣಜ. ಎರಡು ವರ್ಷದಲ್ಲಿ ನಾನು ಜಾಸ್ತಿ ಬರೆದಿರುವ ಪದ ‘ಉತ್ತರ ಇಲ್ಲ’.

ಮಳೆ ಬರುವ ದಿನವಂತೂ ಕೆಲಸವೇ ಸಾಗುವುದಿಲ್ಲ. ವಾಯುಭಾರ ಇಳಿಯತೊಡಗಿದರೆ ಈ ಜಾತಿಯ ಕಣಜಗಳು ಹಾರಲು ಒಲ್ಲೆ ಅನ್ನುತ್ತವೆ. ಕೋಣೆಯೊಳಗೇ ಇದ್ದರೂ ಅವಕ್ಕೆ ತಿಳಿಯುತ್ತದೆ. ಇರುವೆ ಮೊಟ್ಟೆ ಹೊತ್ತು ಸಾಲು ಹೊರಟರೆ ಮಳೆ ಬಂತು ಅನ್ನುತ್ತಿದ್ದಳು ನಮ್ಮಜ್ಜಿ. ಈಗ ಕಣಜ ಕೊಳವೆಯ ಬುಡದಲ್ಲೇ ಮಂಡಿ ಊರಿ ಕೂತರೆ ನಾನು ಸೈಕಲ್‌ಗೆ ರೇನ್‌ಕೋಟ್ ಕಟ್ಟಿಕೊಳ್ಳುತ್ತೇನೆ.

ಒಂದು ಅವಾಂತರ ಹೇಳಲೇಬೇಕು. ಹೋದ ವರ್ಷ ಮೂರು ದಿನ ಕಣಜಗಳು ಹುಚ್ಚು ಹಿಡಿದ ಹಾಗೆ ಆಡಿದವು. ಎಡಕ್ಕೆ ಹೋಗುತ್ತವೆ, ಬಲಕ್ಕೆ ಹೋಗುತ್ತವೆ, ಹಿಂದಕ್ಕೆ ನನ್ನ ಕಡೆಗೇ ಬರುತ್ತವೆ. ಗಿಡ ಬದಲಿಸಿದೆ, ಕೊಳವೆ ತೊಳೆದೆ, ಪಂಪು ಬದಲಿಸಿದೆ. ಮೂರನೇ ದಿನ ನನ್ನ ಮಾರ್ಗದರ್ಶಿ ಕೋಣೆಗೆ ಕಾಲಿಟ್ಟವರೇ ಮೂಗು ಅರಳಿಸಿ ‘ಎಷ್ಟು ಒಳ್ಳೆ ಪರಿಮಳ, ಏನಿದು?’ ಅಂದರು. ಅವ್ವ ಕಳಿಸಿದ್ದ ಮಲ್ಲಿಗೆ ಎಣ್ಣೆ. ತಲೆಗೆ ಹಚ್ಚಿಕೊಂಡು ಬಂದಿದ್ದೆ. ವಾಸನೆಯ ಪ್ರಯೋಗ ಮಾಡುವವಳು! ಹುಳ ತಿಂದ ಜೋಳ ಬಿಡುವ ವಾಸನೆಯಲ್ಲಿ ಲಿನಾಲೂಲ್, ಇಂಡೋಲ್ ಅಂತ ಎರಡು ಪದಾರ್ಥ ಇರುತ್ತವೆ. ಮಲ್ಲಿಗೆಯ ಘಮದಲ್ಲೂ ಇರುವುದು ಅವೇ, ಬೇರೆ ಕೆಲವು ಪದಾರ್ಥಗಳ ಜೊತೆಗೆ. ಕಣಜಗಳ ಗೊಂದಲಕ್ಕೆ ಅದೇ ಕಾರಣ ಅಂತ ಪ್ರಮಾಣ ಮಾಡಿ ಹೇಳಲಾರೆ. ಆದರೆ ಆ ಮೂರು ದಿನದ ನೂರಿಪ್ಪತ್ತು ಲೆಕ್ಕವನ್ನೂ ಹರಿದು ಹಾಕಿದೆ. ಅವ್ವನಿಗೆ ಹೇಳಿದರೆ ಬೇಜಾರಾಗುತ್ತಾಳೆ ಅಂತ ಇವತ್ತಿನ ತನಕ ಹೇಳಿರಲಿಲ್ಲ. ಈಗ ಗೊತ್ತಾಯಿತಲ್ಲ ಅವ್ವಾ, ಎಣ್ಣೆ ಯಾಕೆ ಖಾಲಿಯಾಗಲಿಲ್ಲ ಅಂತ.

ಉಳಿದಂತೆ ಬದುಕು ಹೇಗಿದೆ ಅಂತ ಹುಡುಗರು ಕೇಳುತ್ತೀರಿ. ಚೆನ್ನಾಗಿದೆ. ಪ್ರೊಫೆಸರನ್ನು ಹೆಸರು ಹಿಡಿದು ಕರೆಯಬೇಕು. ಆರು ತಿಂಗಳು ನಾನು ಹೆಸರೂ ಹೇಳದೆ, ಸರ್ ಅಂತಲೂ ಅನ್ನದೆ, ಎದುರಿಗೆ ಹೋಗಿ ನಿಂತೇ ಮಾತಾಡಿದೆ. ಮಧ್ಯಾಹ್ನದ ಊಟ ಅಂದರೆ ಅವರಿಗೆ ತಣ್ಣಗಿನ ಬ್ರೆಡ್ಡು, ಚೀಸು. ದಾವಣಗೆರೆ ಹುಡುಗಿಗೆ ಬೆಣ್ಣೆ ದೋಸೆ ನೆನಪಾಗುವುದು ಆ ಹೊತ್ತಿಗೇ. ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ನಾನು ನಿಮಗಿಂತ ಹಿಂದೆ. ನನ್ನ ಕೆಲಸ ಮುಗಿಯುವ ಹೊತ್ತಿಗೆ ಇಲ್ಲಿ ಅವ್ವ ಮಲಗಿರುತ್ತಾಳೆ. ಅದಕ್ಕೆ ಲದ್ದಿ ಬಳಿಯುವ ಹೊತ್ತಲ್ಲೇ ಫೋನು, ಸ್ಪೀಕರ್ ಹಾಕಿ. ನಮ್ಮ ಕೋಣೆಯ ಹುಳಗಳಿಗೆ ಜಗಳೂರಿನ ಅಷ್ಟೂ ಸುದ್ದಿ ಗೊತ್ತು.

ದೊಡ್ಡಪ್ಪನ ಪ್ರಶ್ನೆಗೆ ಇನ್ನರ್ಧ ಉತ್ತರ ಬಾಕಿ ಇದೆ. ಹುಳ ನೋಡಲು ಪರದೇಶಕ್ಕೆ ಹೋದವರಲ್ಲಿ ನಾನೇ ಮೊದಲಿನವಳಲ್ಲ. ಉಲ್ಟಾ ದಾರಿಯಲ್ಲಿ ಒಬ್ಬರು ನಮ್ಮಲ್ಲಿಗೇ ಬಂದಿದ್ದರು. ಲೆಸ್ಲಿ ಕೋಲ್ಮನ್ ಅಂತ, ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೀಟ ಮತ್ತು ಶಿಲೀಂಧ್ರಗಳ ತಜ್ಞರಾಗಿ ಬಂದರು. ಚನ್ನಗಿರಿ ಕಡೆಯ ಅಡಿಕೆಯವರು ಯಾರಾದರೂ ಇದ್ದೀರಾ? ಮಳೆಗೆ ಮುಂಚೆ ಅಡಿಕೆ ಗೊನೆಗೆ ಬೋರ್ಡೋ ಹೊಡೆಯುತ್ತೀರಲ್ಲ, ಕೊಳೆರೋಗಕ್ಕೆ ಆ ಮೈಲುತುತ್ತ ಸುಣ್ಣದ ದ್ರಾವಣ ನಡೆಯುತ್ತದೆ ಅಂತ ನಮ್ಮ ಮಲೆನಾಡಿನ ತೋಟಗಳಲ್ಲಿ ತೋರಿಸಿಕೊಟ್ಟವರು ಅವರು. ನನಗೆ ಅವರು ಇಷ್ಟವಾಗುವುದು ಇನ್ನೊಂದಕ್ಕೆ. ನಮ್ಮ ಬಿಳಿಜೋಳಕ್ಕೆ ಬೀಳುವ ರೆಕ್ಕೆ ಇಲ್ಲದ ಮಿಡತೆ ಒಂದಿದೆ. ಅದರ ಬೆನ್ನು ಹತ್ತಿ ಕೂತು, 1911ರಲ್ಲಿ ಅದರ ಬಗ್ಗೆಯೇ ಒಂದು ಪುಸ್ತಿಕೆ ತಂದರು. ಆ ಮಿಡತೆಗೆ ವಿಜ್ಞಾನದಲ್ಲಿ ಇರುವ ಹೆಸರು ಕೋಲ್ಮೇನಿಯಾ, ಅವರದ್ದೇ. ಹಿಮ ಬೀಳುವ ಊರಿಂದ ಬಂದು ನಮ್ಮ ಬಿಸಿಲಲ್ಲಿ ಜೋಳದ ಸಾಲಿನಲ್ಲಿ ಮಿಡತೆ ಎಣಿಸುತ್ತಿದ್ದ ಆ ಮನುಷ್ಯನಿಗೂ ಊರವರು ಯಾಕಯ್ಯಾ ಬಂದೆ ಅಂತ ಕೇಳಿರುತ್ತಾರೆ, ಅಲ್ವಾ?

ಇಲ್ಲಿಗೆ ನಾನು ಮಾತು ನಿಲ್ಲಿಸಿದ್ದೆ. ಪ್ರಶ್ನೆ ಕೇಳಿ ಅಂದಾಗ ಹೊನ್ನಾಳಿ ಕಡೆಯ ಹಿರಿಯರೊಬ್ಬರು ಎದ್ದರು. ‘ಎಲ್ಲಾ ಸರಿ ಕಣವ್ವಾ. ಔಷಧಿ ಯಾವುದು ಹೊಡೀಬೇಕು, ಅದನ್ನ ಹೇಳು.’

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಒಳಗೆ ಕಸಿವಿಸಿ. ಅಪ್ಪನೂ ಇದನ್ನೇ ಕೇಳುತ್ತಾರೆ. ನನ್ನ ಕಣಜ ನಾಳೆಯೇ ಅವರ ಹೊಲ ಉಳಿಸುತ್ತದೆ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಯಾವ ಔಷಧಿ ಅನ್ನುವುದನ್ನು ಕೃಷಿ ವಿಜ್ಞಾನ ಕೇಂದ್ರದವರು ಹೇಳಲಿ, ನಾನು ಡಬ್ಬಿಯಲ್ಲಿ ಕಂಡದ್ದನ್ನು ಹೇಳುತ್ತೇನೆ ಅಂದೆ. ಈ ಹುಳ ಆರು ಹಂತದಲ್ಲಿ ಬೆಳೆಯುತ್ತದೆ. ಬದುಕಿಡೀ ತಿನ್ನುವುದರಲ್ಲಿ ಮುಕ್ಕಾಲು ಪಾಲು ಕೊನೆಯ ಹಂತದಲ್ಲೇ ತಿನ್ನುತ್ತದೆ. ಮೊದಲ ವಾರ ಡಬ್ಬಿಯಲ್ಲಿ ಊಟ ಕರಗಿದ್ದೇ ಕಾಣುವುದಿಲ್ಲ. ಕೊನೆಯ ಮೂರು ದಿನ ಡಬ್ಬಿ ತುಂಬ ಲದ್ದಿ. ನಾವು ಹೊಲದಲ್ಲಿ ಗಾಬರಿಯಾಗಿ ಪಂಪು ಹೊರುವುದು ಯಾವಾಗ? ಸುಳಿ ತುಂಬ ಲದ್ದಿ ಕಂಡಾಗ. ಅಷ್ಟು ಹೊತ್ತಿಗೆ ಅದು ತಿನ್ನುವುದನ್ನು ಬಹುಪಾಲು ತಿಂದು ಮುಗಿಸಿ, ಮಣ್ಣಿಗೆ ಇಳಿದು ಕೋಶ ಕಟ್ಟಲು ಹೊರಟಿರುತ್ತದೆ. ಮೇಲೆ ಲದ್ದಿಯೇ ಬಿರಡೆ ಹಾಕಿದ ಹಾಗೆ ಕೂತಿರುತ್ತದೆ, ಔಷಧಿ ಒಳಗೂ ಇಳಿಯುವುದಿಲ್ಲ. ಹಾಗಾಗಿ ಮೊಳಕೆ ಬಂದ ಹತ್ತನೇ ದಿನದಿಂದಲೇ ಸಾಲಿನಲ್ಲಿ ನಡೆಯಬೇಕು. ಎಲೆ ಮೇಲೆ ಬೂಸ್ಟಿನಂಥ ಮೊಟ್ಟೆ ಗುಂಪು ಕಂಡರೆ ಬೆರಳಲ್ಲಿ ಹೊಸಕಬೇಕು. ಒಂದು ಹೊಸಕಿದರೆ ನೂರು ಇನ್ನೂರು ಹೋದವು.

ಇನ್ನೊಂದು ಮಾತು ಕೂಡ ಹೇಳಿದೆ. ಮಳೆ ಹಿಡಿದ ದಿನಗಳಲ್ಲಿ ಎಲೆ ಮೇಲೆ ಸೆಟೆದು ಸತ್ತ ಹುಳ ಕಾಣುತ್ತವೆ, ಮೊದಲು ಬೆಳ್ಳಗೆ, ಆಮೇಲೆ ತೆಳು ಹಸಿರು, ಸುಣ್ಣ ಬಳಿದ ಹಾಗೆ. ಮೆಟಾರೈಜಿಯಂ ರಿಲೆಯಿ ಅನ್ನುವ ಶಿಲೀಂಧ್ರ ಕೊಂದದ್ದು ಅದು. ಆ ಪುಡಿ ಹಾರಿ ಬೇರೆ ಹುಳಕ್ಕೂ ತಗಲುತ್ತದೆ. ಅಪ್ಪ ಎರಡು ವರ್ಷ ಅವನ್ನು ಕಿತ್ತು ಬದುವಿನಾಚೆ ಎಸೆದಿದ್ದರು, ರೋಗ ಬಂದೈತೆ ಅಂತ. ರೋಗ ಹೌದು, ಹುಳಕ್ಕೆ. ಈಗ ಹಾಗೇ ಬಿಡುತ್ತಾರೆ.

ಹಿರಿಯರು ತಲೆ ಅಲ್ಲಾಡಿಸಿ ಕೂತರು. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ಸಭೆ ಮುಗಿದು ಎಲ್ಲರೂ ಚಹಾ, ಮಂಡಕ್ಕಿ ಕಡೆ ಹೋದ ಮೇಲೆ ಒಬ್ಬ ಹುಡುಗ ಹತ್ತಿರ ಬಂದ. ಹೈಸ್ಕೂಲಿನವನಿರಬೇಕು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ‘ಅಕ್ಕಾ, ನಮ್ಮ ಹೊಲದವು. ಇದೇನಾ ನೋಡ್ರಿ’ ಅಂದ.

‘ಎಷ್ಟು ಹಾಕಿದೀಯಪ್ಪಾ?’

‘ಮೂರು ಅಕ್ಕಾ. ನಿನ್ನೆ ಸಂಜೆ ಹಾಕ್ದೆ.’

ಫೋನಿನ ಟಾರ್ಚ್ ಹಚ್ಚಿ, ಪೊಟ್ಟಣವನ್ನು ಮೆಲ್ಲಗೆ ಜಾರಿಸಿದೆ. ತಲೆ ಮೇಲೆ ತಿರುಗಿಸಿಟ್ಟ ವೈ, ಹಿಂದೆ ನಾಲ್ಕು ಚುಕ್ಕೆ, ಮೂಲೆಯಲ್ಲಿ ಲದ್ದಿ. ಹುಳ ಒಂದೇ ಇತ್ತು. ಹುಡುಗ ಪೊಟ್ಟಣ ತಿರುಗಿಸಿ ಅಡಿಗೆ ಹುಡುಕಿದ, ಜೇಬಿನೊಳಗೆ ಕೈ ಹಾಕಿ ತಡಕಾಡಿದ. ಆಮೇಲೆ ನನ್ನ ಮುಖ ನೋಡಿದ.